ಪೋಷಕರೇ ನಡೆಸುವ ಮನೆಶಾಲೆ ಕೂಟಕ್ಕೆ ಸೇರುವ ಮೊದಲು ಏನು ಕೇಳಬೇಕು? (ಶಿವಮೊಗ್ಗ–ತೀರ್ಥಹಳ್ಳಿ ಕಡೆ)

ತುಂಗೆಯಂಚು:

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆ ಪಕ್ಕದ ಹಳ್ಳಿ ನಮ್ಮದು. ಮಗಳಿಗೆ 10, ಈ ವರ್ಷ ನಾಲ್ಕನೇ ಕ್ಲಾಸು ಮುಗಿಸುತ್ತಾಳೆ. ಮಗನಿಗೆ 7, ಒಂದನೇ ಕ್ಲಾಸು. ಜೂನ್‌ನಿಂದ ಇಬ್ಬರನ್ನೂ ಮನೆಯಲ್ಲೇ ಓದಿಸುವುದು ಅಂತ ತೀರ್ಮಾನ ಆಗಿದೆ. ಅದು ಸರಿಯೋ ತಪ್ಪೋ ಎನ್ನುವ ಚರ್ಚೆ ಇಲ್ಲಿ ದಯವಿಟ್ಟು ಬೇಡ, ಮನೆಯಲ್ಲೇ ಸಾಕಷ್ಟು ಆಗಿದೆ.

ಹತ್ತಿರದಲ್ಲಿ ಪೋಷಕರೇ ಸೇರಿ ನಡೆಸುವ ಒಂದು ಕೂಟ ಇದೆ. ಕೋ-ಆಪ್ ಅಂತಾರೆ (ಅಡಿಕೆ ಸೊಸೈಟಿ ಅಲ್ಲ!). ನಾವು ಸೇರಿದರೆ 9 ಮನೆ, 14 ಮಕ್ಕಳು, 5ರಿಂದ 12 ವರ್ಷದವರು. ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ 9.30ರಿಂದ 1 ಗಂಟೆವರೆಗೆ. ಜಾಗ ಒಂದು ಹಂಚಿನ ಮನೆ, ಬಾಡಿಗೆ 4,500. ಸಂಬಳದ ಮೇಷ್ಟ್ರು ಯಾರೂ ಇಲ್ಲ, ದಿನಕ್ಕೆ ಮೂವರು ದೊಡ್ಡವರು ಪಾಳಿಯ ಮೇಲೆ ಬರಬೇಕು. ಸೇರುವಾಗ 3,000 ಠೇವಣಿ, ಆಮೇಲೆ ಮನೆಗೆ ತಿಂಗಳಿಗೆ 750. ಬರಹದಲ್ಲಿ ಏನೂ ಇಲ್ಲ, ಎಲ್ಲಾ ಬಾಯಿಮಾತು.

ಸೇರುವ ಮೊದಲು ಏನು ಕೇಳಬೇಕು, ಏನು ನೋಡಬೇಕು? ಕಾನೂನಿನ ಕಡೆಯಿಂದ ತೊಂದರೆ ಇದೆಯಾ? ನಮ್ಮದು ಅಡಿಕೆ ತೋಟ, ಕೊಯ್ಲಿನಲ್ಲಿ ಪಾಳಿ ಮಾಡಲು ಆಗುತ್ತದಾ ಅನ್ನುವುದೂ ಒಂದು ಯೋಚನೆ.

ಮೂರನೇಬೆಂಚು:

ಇಂಥ ಕೂಟಗಳು ಯಾವ ಪದ್ಧತಿಯಲ್ಲಿ ಕಲಿಸಬೇಕು ಎನ್ನುವ ಜಗಳದಿಂದ ಮುರಿಯುವುದು ಅಪರೂಪ. ಮುರಿಯುವುದು ಕಸ ಯಾರು ಗುಡಿಸಬೇಕು ಎನ್ನುವುದರ ಮೇಲೆ. ಹಾಗಾಗಿ ಮೊದಲು ಕೇಳಬೇಕಾದದ್ದು ಪಾಳಿಯ ಪಟ್ಟಿ.

ಲೆಕ್ಕ ಹಾಕಿ ನೋಡಿ. ವಾರಕ್ಕೆ 2 ದಿನ, ದಿನಕ್ಕೆ 3 ಜನ, ಅಂದರೆ ವಾರಕ್ಕೆ 6 ಪಾಳಿ. 9 ಮನೆ ಇದ್ದರೆ ಮೂರು ವಾರಕ್ಕೆ ಒಂದು ಮನೆಗೆ 2 ಪಾಳಿ. ಇದು ಮಾಡಬಹುದಾದ ಕೆಲಸವೇ. ಆದರೆ ನಾಲ್ಕು ತೋಟದ ಮನೆಯವರು ಕೊಯ್ಲಿಗೆ ಅಂತ ಕೈಬಿಟ್ಟರೆ ಉಳಿದ 5 ಮನೆ 6 ಪಾಳಿ ಹೊರಬೇಕು. ಡಿಸೆಂಬರ್ ಹೊತ್ತಿಗೆ ಆ ಐದು ಮನೆಯವರ ಮುಖ ನೋಡಲಾಗುವುದಿಲ್ಲ. "ಕಳೆದ ವರ್ಷ ನವೆಂಬರ್‌ನಿಂದ ಜನವರಿವರೆಗಿನ ಪಟ್ಟಿ ತೋರಿಸ್ತೀರಾ?" ಅಂತ ಕೇಳಿ. ಪಟ್ಟಿಯೇ ಇಲ್ಲ ಎಂದರೆ ಅದೂ ಒಂದು ಉತ್ತರ. ಇದ್ದರೆ, ಹೊಡೆದು ಹಾಕಿ ಮೇಲೆ ಬರೆದ ಹೆಸರುಗಳನ್ನು ನೋಡಿ. ಅದೇ ಇಬ್ಬರ ಹೆಸರು ಪದೇಪದೇ ಮೇಲೆ ಬಂದಿದ್ದರೆ ಕೂಟ ಆ ಇಬ್ಬರ ಹೆಗಲ ಮೇಲೆ ನಿಂತಿದೆ ಅಂತ ಅರ್ಥ. ಅವರು ಊರು ಬಿಟ್ಟರೆ ಕೂಟವೂ ಹೋಯಿತು.

ಪಾಳಿ ಅಂದರೆ ಏನು ಅನ್ನುವುದನ್ನೂ ಬಿಡಿಸಿ ಕೇಳಿ. ಮೂವರಲ್ಲಿ ಒಬ್ಬರು ಪಾಠ, ಒಬ್ಬರು ಜೊತೆಗೆ ಕೂರುವುದು, ಒಬ್ಬರು ಅಂಗಳ-ಬಚ್ಚಲು-ಕುಡಿಯುವ ನೀರು-ಬಾಗಿಲು. ಈ ಮೂರನೆಯದು ಯಾವಾಗಲೂ ಅಮ್ಮಂದಿರಿಗೇ ಬೀಳುತ್ತಿದೆಯಾ? ಅಪ್ಪಂದಿರ ಹೆಸರು ಪಟ್ಟಿಯಲ್ಲಿದ್ದು ಬರುವುದು ಮಾತ್ರ ಅಮ್ಮಂದಿರಾ? ಹೊಸಬರಿಗೆ ಮೊದಲ ಎರಡು ತಿಂಗಳು ಪಾಠದ ಪಾಳಿ ಕೊಡದೆ ಜೊತೆಯವರಾಗಿ ಮಾತ್ರ ಹಾಕುವುದು ಒಳ್ಳೆಯ ರೂಢಿ. 50 ನಿಮಿಷದ ಒಂದು ಹೊಸ ಪಾಠಕ್ಕೆ ಹಿಂದಿನ ದಿನ ಎರಡು ಗಂಟೆಯಾದರೂ ತಯಾರಿ ಬೇಕು. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ದುಡ್ಡು. 9 ಮನೆಯಿಂದ 750ರಂತೆ 6,750 ಆಯಿತು. ಬಾಡಿಗೆ 4,500 ಹೋದರೆ 2,250 ಉಳಿಯಿತು. ಅದಕ್ಕೆ ಲೆಕ್ಕದ ಪುಸ್ತಕ ಇದೆಯಾ ಕೇಳಿ. ಮನೆಗೆ ಇಷ್ಟು ಅಂತ ಒಂದೇ ದರ ಇಟ್ಟರೆ ಒಂದು ಮಗುವಿನ ಮನೆಯವರು ಆರು ತಿಂಗಳಲ್ಲಿ ಗೊಣಗಲು ಶುರು ಮಾಡುತ್ತಾರೆ. ಬಾಡಿಗೆ ಮತ್ತು ಕರೆಂಟನ್ನು ಮನೆಯ ಲೆಕ್ಕದಲ್ಲೂ, ಸಾಮಾನನ್ನು ಮಗುವಿನ ಲೆಕ್ಕದಲ್ಲೂ ಹಂಚುವುದು ನ್ಯಾಯ. ಬಾಡಿಗೆ 500, ಕರೆಂಟು-ನೀರಿಗೆ 50, ಮಗುವಿಗೆ 100 ಅಂತ ಇಟ್ಟುಕೊಳ್ಳಿ. ನಿಮ್ಮದು 750 ಆಗುತ್ತದೆ, ಒಂದೇ ಮಗುವಿನವರದ್ದು 650. ಒಟ್ಟು 6,350. ನಿಮಗೆ ಒಂದು ರೂಪಾಯಿಯೂ ಉಳಿಯಲಿಲ್ಲ, ಆದರೂ ಈ ಪ್ರಶ್ನೆ ನೀವೇ ಎತ್ತಿದರೆ ಚೆನ್ನ.

ಠೇವಣಿ ಯಾರ ಕೈಯಲ್ಲಿದೆ, ಬಿಟ್ಟು ಹೋಗುವಾಗ ಎಷ್ಟು ದಿನ ಮುಂಚೆ ಹೇಳಿದರೆ ವಾಪಸು, ಪಾಳಿ ತಪ್ಪಿಸಿದ್ದಕ್ಕೆ ಅದರಲ್ಲಿ ಮುರಿದುಕೊಳ್ಳುತ್ತಾರಾ, ಇಷ್ಟು ಬರಹದಲ್ಲಿರಲಿ. ಪಾಳಿ ತಪ್ಪಿಸಿದವರಿಗೆ ದಂಡ ಹಾಕುವ ಪದ್ಧತಿ ಮಾತ್ರ ಬೇಡ. 200 ರೂಪಾಯಿ ದಂಡ ಇಟ್ಟರೆ ಜನ ಅದನ್ನು ರಜೆಯ ಬೆಲೆ ಅಂತ ಲೆಕ್ಕ ಹಾಕಿ ನೆಮ್ಮದಿಯಾಗಿ ಕೊಟ್ಟುಬಿಡುತ್ತಾರೆ. ಬದಲಿಗೆ ಬೇರೆ ಮನೆಯವರನ್ನು ಅವರೇ ಒಪ್ಪಿಸಿ ಪಾಳಿ ಅದಲು ಬದಲು ಮಾಡಿಕೊಳ್ಳಲಿ.

ಇನ್ನು ನೋಡಲು ಹೋಗುವುದು. ಒಂದು ದಿನ ಸಾಲದು, ಎರಡು ಪೂರ್ತಿ ದಿನ ಕೂತು ನೋಡಿ. ಬೆಳಿಗ್ಗೆ 10 ಗಂಟೆಗೆ ಎಲ್ಲ ಕೂಟವೂ ಚಂದ ಕಾಣುತ್ತದೆ. ನೋಡಬೇಕಾದದ್ದು 12.15ಕ್ಕೆ, ಮಕ್ಕಳಿಗೆ ಹಸಿವಾಗಿ ದೊಡ್ಡವರಿಗೆ ಸುಸ್ತಾದಾಗ. ಇಬ್ಬರು ಹುಡುಗರು ಹೊಡೆದಾಡಿಕೊಂಡಾಗ ಯಾರು ಎದ್ದು ಹೋಗುತ್ತಾರೆ, ತಮ್ಮ ಮಗುವನ್ನು ಮಾತ್ರ ಎಳೆದುಕೊಂಡು ಬರುತ್ತಾರಾ, ಇಬ್ಬರನ್ನೂ ಕೂರಿಸಿ ಮಾತಾಡುತ್ತಾರಾ? ಅಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ.

ಕಡತ:

ಕಾನೂನು ಮತ್ತು ಕಾಗದದ ವಿಚಾರ ಮಾತ್ರ ಬರೆಯುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಅದರಲ್ಲಿ ಮನೆಶಾಲೆಗೆ ಪರವಾನಗಿ ಕೊಡುವ ಕಲಮೂ ಇಲ್ಲ, ಬೇಡ ಅನ್ನುವ ಕಲಮೂ ಇಲ್ಲ. 10ನೇ ಕಲಮು ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ-ತಾಯಿಯ ಕರ್ತವ್ಯ ಎನ್ನುತ್ತದೆ. ತಪ್ಪಿದರೆ ಇಂತಿಷ್ಟು ದಂಡ ಅಂತ ಆ ಕಲಮಿನಲ್ಲಿ ಬರೆದಿಲ್ಲ. ಆದರೆ 18ನೇ ಕಲಮು ಗಟ್ಟಿ ಇದೆ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷದವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000ದವರೆಗೆ. ಅಂದರೆ ನಿಮ್ಮ ಮನೆಗಿಂತ ಹೆಚ್ಚಾಗಿ ನೋಡಿಕೊಳ್ಳಬೇಕಾದದ್ದು ಕೂಟ 'ಶಾಲೆ' ಆಗಿಬಿಡದ ಹಾಗೆ. ಬೋರ್ಡು ಬೇಡ, ಯೂನಿಫಾರ್ಮ್ ಬೇಡ, ರಸೀದಿಯ ಮೇಲೆ 'ಫೀಸು' ಅನ್ನುವ ಪದ ಬೇಡ, ದಾಖಲಾತಿ ರಿಜಿಸ್ಟರು, ಅಂಕಪಟ್ಟಿ, ಟಿಸಿ ಇವು ಖಂಡಿತ ಬೇಡ. ಖರ್ಚು ಹಂಚಿಕೊಳ್ಳುವ ನೆರೆಹೊರೆಯವರು, ಅಷ್ಟೇ. ಬೆಳಿಗ್ಗೆ 8ರಿಂದ 4ರವರೆಗೆ ಮಕ್ಕಳನ್ನು ಬಿಟ್ಟು ಹೋಗಿ ಅನ್ನುವ ಮಟ್ಟಕ್ಕೆ ಕೂಟ ಬೆಳೆದಿದ್ದರೆ ನಾನಾದರೆ ಸೇರುವುದಿಲ್ಲ.

ಶಾಲೆ ಬಿಡಿಸುವಾಗ ಇಬ್ಬರ ವರ್ಗಾವಣೆ ಪತ್ರ (ಟಿಸಿ) ತೆಗೆದುಕೊಳ್ಳಿ, ಅದರಲ್ಲಿ ಎಸ್‌ಎಟಿಎಸ್ ನಂಬರು (ಶಿಕ್ಷಣ ಇಲಾಖೆ ಮಗುವಿಗೆ ಕೊಟ್ಟ ಗುರುತಿನ ಸಂಖ್ಯೆ) ಸರಿಯಾಗಿ ಬರೆದಿದೆಯಾ ಅಲ್ಲೇ ನಿಂತು ನೋಡಿ. ಮಗುವಿನ ಹೆಸರು, ಹುಟ್ಟಿದ ದಿನಾಂಕ ಜನನ ಪತ್ರ, ಆಧಾರ್, ಟಿಸಿ ಮೂರರಲ್ಲೂ ಒಂದೇ ಇರಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಹತ್ತನೇ ಕ್ಲಾಸಿನ ಅರ್ಜಿಯ ಹೊತ್ತಿಗೆ ತಲೆನೋವು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಮನೆಗೆ ಬಂದರೆ ವಾದ ಮಾಡಬೇಡಿ, ಬಂದವರು ಅವರ ಕೆಲಸ ಮಾಡುತ್ತಿದ್ದಾರೆ. ಒಂದು ಕಡತ ಇಟ್ಟುಕೊಂಡಿರಿ: ಈ ಮೂರು ಕಾಗದ, ಲಸಿಕೆ ಕಾರ್ಡು, ಹಳೆಯ ಪ್ರಗತಿ ಪತ್ರ, ಜೊತೆಗೆ ತಿಂಗಳಿಗೆ ನಾಲ್ಕೈದು ಹಾಳೆಯಂತೆ ಮಗುವೇ ಬರೆದ, ತಾರೀಖು ಹಾಕಿದ ಕೆಲಸ. ಮಧ್ಯದಲ್ಲಿ ಮನಸ್ಸು ಬದಲಾಗಿ ಶಾಲೆಗೆ ಹಾಕಬೇಕೆಂದರೆ 4ನೇ ಕಲಮಿನ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಪಡೆಯುವ ಹಕ್ಕೂ ಮಗುವಿಗಿದೆ.

ಪರೀಕ್ಷೆ. ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಕೆಳಗಿನ ಹಂತಕ್ಕೆ ಎ, ಬಿ, ಸಿ ಅಂತ ಮೂರು ಮಟ್ಟ. ಅವು 3, 5, 8ನೇ ತರಗತಿಗೆ ಸಮ. ಹತ್ತನೇದಕ್ಕೆ 14 ವರ್ಷ ತುಂಬಿರಬೇಕು. ಕನಿಷ್ಠ 5 ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಮ್ಮೆ ನೋಂದಾಯಿಸಿದರೆ 5 ವರ್ಷ, 9 ಅವಕಾಶ. ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು ಅನ್ನುವುದೇ ಇದರ ದೊಡ್ಡ ಅನುಕೂಲ. ಅಲ್ಲಿಂದ ನಮ್ಮ ಪಿಯುಸಿಗೆ ಬರುವಾಗ ಪಿಯು ಇಲಾಖೆಯ ಅರ್ಹತಾ ಪತ್ರ ಬೇಕು, ಅದಕ್ಕೆ ವಾರಗಳು ಹಿಡಿಯಬಹುದು ಅಂತ ಇಟ್ಟುಕೊಂಡೇ ಓಡಾಡಿ.

ಈಗ ಯಾರೂ ಮೊದಲೇ ಹೇಳದ ಮಾತು. ಸಿಇಟಿಯಲ್ಲಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಕರ್ನಾಟಕದ ಅಭ್ಯರ್ಥಿ ಅನ್ನಿಸಿಕೊಳ್ಳುವ ಸಾಮಾನ್ಯ ದಾರಿ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ರಾಜ್ಯದ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ 7 ವರ್ಷ ಓದಿರುವುದು. ಮನೆಯಲ್ಲಿ ಓದಿದ ವರ್ಷ ಅದರಲ್ಲಿ ಸೇರುವುದಿಲ್ಲ. ಇನ್ನೊಂದು ದಾರಿ ಇದೆ: ಮಗು ಎರಡೂ ವರ್ಷದ ಪಿಯುಸಿ ಇಲ್ಲೇ ಓದಿ ಪಾಸಾಗಿ, ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ 7 ವರ್ಷ ಓದಿದ್ದಕ್ಕೆ ದಾಖಲೆ ಕೊಡುವುದು. ನಿಮ್ಮ ಹಳೆಯ ಶಾಲೆಯಿಂದ ಆ ವ್ಯಾಸಂಗ ಪತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ, ಮಲೆನಾಡಿನಲ್ಲಿ ಎಷ್ಟೋ ಹಳ್ಳಿ ಶಾಲೆ ಮುಚ್ಚಿಹೋಗಿವೆ. ಆದರೆ ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಇಂಥ ಅಡ್ಡದಾರಿ ಇಲ್ಲ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ 10 ವರ್ಷ ಅಂಥ ಶಾಲೆಯಲ್ಲೇ ಓದಿರಬೇಕು. ಹಳ್ಳಿಯಲ್ಲಿದ್ದೂ ಮಗುವಿಗೆ ಗ್ರಾಮೀಣ ಕೋಟಾ ಕೈತಪ್ಪುತ್ತದೆ. ಮಗಳಿಗೆ ಮುಂದೆ ಗಾಜನೂರಿನ ನವೋದಯದ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆ ಬರೆಸುವ ಆಸೆ ಇದ್ದರೆ ಐದನೇ ತರಗತಿಯ ವರ್ಷವೇ ಮುಖ್ಯವಾದದ್ದು. ಶಾಲೆ ಬಿಡಿಸುವ ಮೊದಲು ಆ ಅಧಿಸೂಚನೆಯ ಅರ್ಹತೆಯ ಪುಟ ಓದಿ. ಚರ್ಚೆ ಬೇಡ ಅಂದಿದ್ದೀರಿ, ಇದು ಚರ್ಚೆಯಲ್ಲ, ಕೈತಪ್ಪುವುದರ ಪಟ್ಟಿ.

ಉಂಬಳ:

ಕೊಯ್ಲಿನ ಪ್ರಶ್ನೆಗೆ: ಕೂಟದ ಕ್ಯಾಲೆಂಡರನ್ನು ಶಾಲೆಯ ಕ್ಯಾಲೆಂಡರಿನಿಂದ ನಕಲು ಮಾಡಿದ್ದಾರಾ ನೋಡಿ. ಮಾಡಿದ್ದರೆ ಮಲೆನಾಡಿನಲ್ಲಿ ಅದು ಎರಡು ಕಡೆ ಮುಗ್ಗರಿಸುತ್ತದೆ, ಜುಲೈ-ಆಗಸ್ಟಿನ ಮಳೆಯಲ್ಲಿ ಒಮ್ಮೆ, ಅಡಿಕೆ ಕೊಯ್ಲಿನಲ್ಲಿ ಇನ್ನೊಮ್ಮೆ. ಕೊನೆ (ಅಡಿಕೆ ಗೊನೆ) ತೆಗೆಯುವವರು ಯಾವತ್ತು ಬರುತ್ತಾರೆ ಅಂತ ಹಿಂದಿನ ದಿನ ರಾತ್ರಿವರೆಗೆ ಗೊತ್ತಿರುವುದಿಲ್ಲ. ಅವರು ಬಂದ ದಿನ ಸುಲಿಯುವುದು, ಬೇಯಿಸುವುದು ಎಲ್ಲ ಒಟ್ಟಿಗೇ ಬೀಳುತ್ತದೆ, ಪಾಳಿ ಅಂತ ಹೇಳಿಕೊಂಡು ಹೊರಡಲು ಆಗುವುದಿಲ್ಲ. ತೋಟದ ಮನೆಗಳು ಜೂನ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚು ಪಾಳಿ ಮಾಡಿ ಜಮಾ ಇಟ್ಟುಕೊಳ್ಳುವುದು, ಕೊಯ್ಲಿನಲ್ಲಿ ಪೇಟೆಯ ಮನೆಗಳು ಹೊರುವುದು, ಇದೊಂದೇ ಸರಿಹೋಗುವ ದಾರಿ. ಗೋಡೆಯ ಮೇಲೆ ಮನೆಗೊಂದು ಸಾಲು, ಮಾಡಿದ ಪಾಳಿಗೊಂದು ಗೆರೆ. ವರ್ಷಕ್ಕೆ 40 ವಾರ ನಡೆದರೆ 240 ಪಾಳಿ, ಮನೆಗೆ 26-27. ವಾರದ ಲೆಕ್ಕ ಬಿಟ್ಟು ವರ್ಷದ ಲೆಕ್ಕದಲ್ಲಿ ಮಾತಾಡಿ.

ಮಳೆಗಾಲದ ರಜೆಗೆ ಪ್ರತಿ ಸಲ ವಾಟ್ಸಾಪಿನಲ್ಲಿ 60 ಮೆಸೇಜು ಬೇಡ. ತಾಲ್ಲೂಕಿನ ಶಾಲೆಗಳಿಗೆ ರಜೆ ಘೋಷಣೆಯಾದರೆ ನಮಗೂ ರಜೆ, ಮುಗಿಯಿತು. ಘೋಷಣೆ ಎಷ್ಟೋ ಸಲ ಬೆಳಿಗ್ಗೆ ಬರುತ್ತದೆ, ಹಾಗಾಗಿ ದೂರದವರು ಹೊರಡುವ ಮೊದಲು ಒಂದು ಸಲ ನೋಡಿಕೊಳ್ಳಲಿ.

ಬಸ್ಸಿನ ವಿಚಾರ. ಕೆಎಸ್ಆರ್‌ಟಿಸಿ ವಿದ್ಯಾರ್ಥಿ ಪಾಸು ಶಾಲೆಯ ದಾಖಲೆಯ ಮೇಲೆ ಸಿಗುವುದು, ನಿಮಗೆ ಸಿಗುವುದಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ ದುಡ್ಡಿಲ್ಲ, ಮಗನಿಗೆ ಮಾತ್ರ ಅರ್ಧ ಟಿಕೆಟ್. ಆದರೆ ನಮ್ಮ ಕಡೆ ಓಡುವುದರಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಎಲ್ಲರಿಗೂ ಟಿಕೆಟ್. 1 ಗಂಟೆಗೆ ಬಿಟ್ಟರೆ ಮುಂದಿನ ಬಸ್ಸು ಎಷ್ಟಕ್ಕೆ, ಅಲ್ಲಿಯವರೆಗೆ ಮಕ್ಕಳ ಜೊತೆ ಯಾರು ಇರುತ್ತಾರೆ ಕೇಳಿ. ಒಂದೇ ಓಮ್ನಿಯಲ್ಲಿ ಹನ್ನೊಂದು ಮಕ್ಕಳನ್ನು ತುಂಬುವ ಕೂಟವಾದರೆ ಬೇಡ.

ಕಾಡಿಗೆ ಕರೆದುಕೊಂಡು ಹೋಗುವ ಕೂಟವಾದರೆ ಯಾವ ತಿಂಗಳು ಅಂತ ಕೇಳಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ (ಉಣ್ಣೆ ಹುಳು), ಕಾಲ ಡಿಸೆಂಬರ್‌ನಿಂದ ಮೇ. ಪೇಟೆಯವರು ಕಾಡಿನ ನಡಿಗೆ ಇಟ್ಟುಕೊಳ್ಳುವುದು ಸರಿಯಾಗಿ ಅದೇ ತಿಂಗಳಲ್ಲಿ, ಮಳೆ ಇಲ್ಲ, ಉಂಬಳ (ಜಿಗಣೆ) ಇಲ್ಲ ಅಂತ. ಉಂಬಳ ರಕ್ತ ಕುಡಿದು ಬಿಟ್ಟುಹೋಗುತ್ತದೆ, ಉಣುಗು ಹಾಗಲ್ಲ. (ನನ್ನ ಹೆಸರು ನೋಡಿ ಪಕ್ಷಪಾತ ಅನ್ನಬೇಡಿ.) ಆ ತಿಂಗಳುಗಳಲ್ಲಿ ಒಣಎಲೆಯ ಮೇಲೆ ಮಕ್ಕಳನ್ನು ಕೂರಿಸುವುದು ಬೇಡ, ಮಂಗ ಸತ್ತ ಸುದ್ದಿ ಇರುವ ಕಡೆ ಹೋಗುವುದೇ ಬೇಡ, ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸಿಕ್ಕಿಸಿ ಹೋಗಿ, ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ಬಿಸಿನೀರಿಗೆ. ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ. ಹೋಗಿಬಂದ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ನಿಮ್ಮ ರಸ್ತೆಯಲ್ಲೇ ಒಂದು ದಿನದ ಒಳ್ಳೆಯ ಪ್ರವಾಸ ಇದೆ: ಸಕ್ರೆಬೈಲಿನಲ್ಲಿ ಬೆಳಿಗ್ಗೆ ಆನೆಗಳ ಸ್ನಾನ, ಅಲ್ಲಿಂದ ಮುಂದೆ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳು. ಆನೆ ಬೆಳಿಗ್ಗೆ ಮಾತ್ರ, ಹಕ್ಕಿ ಮಳೆಗಾಲದಲ್ಲಿ ಮಾತ್ರ. ನೀರಿಗೆ ಇಳಿಯುವುದು ಬೇಡ. ಮಳೆಗಾಲದಲ್ಲಿ ತುಂಗೆ ಏರುವುದಕ್ಕೆ ಹೊತ್ತು ಬೇಕಿಲ್ಲ.

ತುಂಗೆಯಂಚು:

ಕಡತ ಅವರೇ, ಗ್ರಾಮೀಣ ಕೋಟಾದ್ದು ನಿಜವಾಗಿ ಗೊತ್ತಿರಲಿಲ್ಲ, ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯ. ಇನ್ನೆರಡು ಪ್ರಶ್ನೆ. 5ರಿಂದ 12ರವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದು ಹೇಗೆ ಸಾಧ್ಯ? ಮತ್ತೆ, ಬಾಡಿಗೆ ಉಳಿಸಲು ವಾರಕ್ಕೊಂದು ಮನೆಯಲ್ಲಿ ಸೇರೋಣ ಅನ್ನುವ ಮಾತೂ ಅಲ್ಲಿ ನಡೆಯುತ್ತಿದೆ. ಅದು ಒಳ್ಳೆಯದಾ?

ಸೋಗೆಮಾಡು:

ಎರಡನೆಯದಕ್ಕೆ ಮೊದಲು. ಮನೆಮನೆಯಲ್ಲಿ ಸೇರುವುದಾದರೆ ಒಂದೇ ಒಂದು ಪ್ರಶ್ನೆಯನ್ನು ಎಲ್ಲರ ಎದುರು ಬಾಯಿಬಿಟ್ಟು ಕೇಳಿ: ಹದಿನಾಲ್ಕೂ ಮಕ್ಕಳು ಎಲ್ಲ ಮನೆಯ ಅಡುಗೆಮನೆವರೆಗೂ ಹೋಗಿ ತಾವೇ ನೀರು ಕುಡಿಯಬಹುದಾ? ಜಗಲಿಯವರೆಗೆ ಬರಲಿ, ಒಳಗೆ ಹಿರಿಯರಿದ್ದಾರೆ, ಮಡಿ ಅನ್ನುವ ಮನೆ ಒಂದಿದ್ದರೂ ಯಾವುದೋ ಒಂದು ಮಗು ಅದನ್ನು ಅಲ್ಲೇ ಕಲಿತುಬಿಡುತ್ತದೆ, ನೀವು ಯಾವ ಪಾಠ ಮಾಡಿದರೂ ಅದು ಅಳಿಯುವುದಿಲ್ಲ. ಡಬ್ಬಿಯಲ್ಲಿ ಮೊಟ್ಟೆ, ಮೀನು ಬರಬಹುದಾ ಅನ್ನುವುದೂ ಇದರ ಜೊತೆಗೇ ಇತ್ಯರ್ಥ ಆಗಲಿ. ಅನುಮಾನ ಇದ್ದರೆ 4,500 ಬಾಡಿಗೆ ದುಬಾರಿಯಲ್ಲ, ಮನೆಗೆ 500 ತಾನೇ. ಬಾಡಿಗೆ ಜಾಗ ಯಾರ ಮನೆಯೂ ಅಲ್ಲ, ಅದೇ ಅದರ ಗುಣ.

ಇನ್ನು ಕಲಿಸುವುದು. ವಯಸ್ಸಿನ ಮೇಲೆ ಗುಂಪು ಮಾಡಬೇಡಿ, ಓದಿನ ಮೇಲೆ ಮಾಡಿ. ಎರಡನೇ ಕ್ಲಾಸಿನ ಕನ್ನಡ ಪುಸ್ತಕದ ಒಂದು ಪುಟ ಕೊಟ್ಟರೆ ಹತ್ತು ನಿಮಿಷದಲ್ಲಿ ಮೂರು ಗುಂಪು ತಾನಾಗಿ ಬೀಳುತ್ತದೆ. ಅಕ್ಷರ ಕೂಡಿಸುತ್ತಿರುವವರು, ಓದುತ್ತಾ ಒತ್ತಕ್ಷರದಲ್ಲಿ ಎಡವುವವರು, ಓದಿದ್ದನ್ನು ತಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯಬಲ್ಲವರು. ಎಂಟು ವರ್ಷದವಳು ಮೂರನೆಯದರಲ್ಲಿ, ಹನ್ನೊಂದರವನು ಎರಡನೆಯದರಲ್ಲಿ ಇದ್ದರೆ ಇರಲಿ. ಸರ್ಕಾರಿ ಶಾಲೆಯ ನಲಿ-ಕಲಿಯಲ್ಲೂ ಒಂದರಿಂದ ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾರೆ. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದದ್ದು ಅದು, ಹೊಸ ಕಲ್ಪನೆ ಏನಲ್ಲ.

ವಾರಕ್ಕೆ ಎರಡು ದಿನದಲ್ಲಿ ಗಣಿತ ಕಲಿಸುತ್ತೇವೆ ಅಂತ ಹೇಳಿದರೆ ನಂಬಬೇಡಿ. ಮಗ್ಗಿ, ಓದು, ಕೈಬರಹ ದಿನಾ ಮನೆಯಲ್ಲೇ ಆಗಬೇಕು. ಅದನ್ನು ಕೂಟಕ್ಕೆ ಹೊರಿಸಿದ ಮನೆಯ ಮಗು ಒಂದು ವರ್ಷದಲ್ಲಿ ಹಿಂದೆ ಬೀಳುತ್ತದೆ, ಆಮೇಲೆ ತಪ್ಪು ಕೂಟದ ಮೇಲೆ. ಕೂಟದಲ್ಲಿ ಮಾಡಬೇಕಾದದ್ದು ಒಂದು ಮಗುವಿನಿಂದ ಆಗದ ಕೆಲಸ. ನಾಟಕ, ಕಬಡ್ಡಿ, ವಾದ, ಪ್ರಯೋಗ, ಅಳತೆ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ, ಮಳೆ ಅಳೆಯುವುದು. 2 ಲೀಟರಿನ ಸೋಡಾ ಬಾಟಲಿ ತೆಗೆದುಕೊಂಡು ಕುತ್ತಿಗೆ ಕೆಳಗೆ ಕತ್ತರಿಸಿ, ಆ ತುಂಡನ್ನು ತಲೆಕೆಳಗಾಗಿ ಅದರೊಳಗೇ ಕೂರಿಸಿದರೆ ಆಲಿಕೆ ಆಯಿತು. ಬಾಟಲಿಯ ತಳ ಉಬ್ಬುತಗ್ಗು ಇರುವುದರಿಂದ ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಗೋಡೆ ನೇರವಾಗುವವರೆಗೆ ಜಲ್ಲಿ ಹಾಕಿ ನೀರು ತುಂಬಿ, ಆ ನೀರಿನ ಮಟ್ಟಕ್ಕೆ ಸೊನ್ನೆ ಅಂತ ಗೆರೆ ಎಳೆಯಿರಿ, ಅಲ್ಲಿಂದ ಮೇಲೆ ಸ್ಕೇಲು ಅಂಟಿಸಿ. ಉದ್ದಗೆರೆ ಇರುವ ಬಾಟಲಿ, ನಡು ಸಣ್ಣಗಿರುವ ಬಾಟಲಿ ಬೇಡ, ಮೇಲಿಂದ ಕೆಳಗೆ ಒಂದೇ ಅಗಲ ಇರಬೇಕು. ಮಾಡಿನ ನೀರು, ಅಡಿಕೆ ಸೋಗೆಯ ಹನಿ ಬೀಳದ ಬಯಲಿನಲ್ಲಿ ಕಂಬಕ್ಕೆ ಕಟ್ಟಿ. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ಕ್ಕೆ ಓದಿ, ಸೊನ್ನೆಗೆ ಇಳಿಸಿ. ಕೂಟ ಇಲ್ಲದ ದಿನ ಪ್ರತಿ ಮನೆಯಲ್ಲೂ ಒಂದೊಂದು ಇದ್ದರೆ ಇನ್ನೂ ಒಳ್ಳೆಯದು. ಮೈದಾನದ ಸೀಮೆಯವರಿಗೆ ಇಷ್ಟು ಸಾಕು. ತೀರ್ಥಹಳ್ಳಿ-ಆಗುಂಬೆ ಕಡೆ ಜುಲೈನಲ್ಲಿ ಒಂದೇ ರಾತ್ರಿಗೆ ಬಾಟಲಿ ತುಂಬಿ ಹರಿಯಬಹುದು, ಸಂಜೆಯೂ ಒಮ್ಮೆ ಓದಿ ಎರಡನ್ನೂ ಕೂಡಿಸಿ. ಸಣ್ಣವರು ದಿನಕ್ಕೊಂದು ಪಟ್ಟಿ ಬಣ್ಣ ಹಚ್ಚುತ್ತಾರೆ, ನಡುವಿನವರು ಒಂಬತ್ತು ಮನೆಯ ಕೋಷ್ಟಕ ಬರೆಯುತ್ತಾರೆ, ದೊಡ್ಡವರು ಸರಾಸರಿ ತೆಗೆಯುತ್ತಾರೆ. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರು. 60 ಚದರ ಮೀಟರಿನ ಮಾಡಿನ ಮೇಲೆ 100 ಮಿ.ಮೀ. ಬಿದ್ದರೆ 6,000 ಲೀಟರು ಅಂತ ಗೊತ್ತಾದಾಗ ಅವರೇ ಹಂಡೆಗಳನ್ನು ಎಣಿಸಲು ಶುರು ಮಾಡುತ್ತಾರೆ. ಒಂದು ಮನೆಯ ಅಂಕಿ ಉಳಿದವರಿಗಿಂತ ಅರ್ಧ ಬಂದರೆ ಬಾಟಲಿ ಮರದಡಿ ಇದೆ, ಇಲ್ಲವೇ ಯಾರೋ ನೋಡದೆ ಬರೆದಿದ್ದಾರೆ. ಅದನ್ನು ಕಂಡುಹಿಡಿಯುವುದೂ ಪಾಠವೇ.

ಪುಸ್ತಕಕ್ಕೆ ದುಡ್ಡು ಹಾಕಬೇಡಿ. ರಾಜ್ಯದ ಪಠ್ಯಪುಸ್ತಕ ಎಲ್ಲವೂ ಪಠ್ಯಪುಸ್ತಕ ಸಂಘದ ತಾಣದಲ್ಲಿ ಪುಕ್ಕಟೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಇದೆ, ಶಾಲೆಯ ಮಕ್ಕಳಾಗಿರಬೇಕೆಂದಿಲ್ಲ.

ಮೂರನೇಬೆಂಚು:

ಒಂದು ಮರೆತಿದ್ದೆ. ಯಾವ ದೊಡ್ಡವರೂ ತಮ್ಮದಲ್ಲದ ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಯಾವಾಗಲೂ ಇಬ್ಬರು. ಬಚ್ಚಲಿಗೆ ಕರೆದುಕೊಂಡು ಹೋಗುವಾಗಲೂ. ಹೊರಗಿನಿಂದ ಚಿತ್ರ ಕಲಿಸಲೋ ತಬಲ ಕಲಿಸಲೋ ಬರುವವರಿಗೂ ಇದೇ. "ನಾವೆಲ್ಲ ಗೊತ್ತಿದ್ದವರೇ" ಅಂತ ಯಾರಾದರೂ ಮುಖ ಸಿಂಡರಿಸಿದರೆ ನಿಯಮ ಬೇಕಾಗಿರುವುದು ಅಲ್ಲೇ. ಏನಾದರೂ ಅನುಮಾನ ಬಂದರೆ ಕೂಟದೊಳಗೆ ಪಂಚಾಯಿತಿ ಮಾಡುವ ಹಾಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಅದೇ ಅಪರಾಧ. 1098 (ಮಕ್ಕಳ ಸಹಾಯವಾಣಿ) ಮತ್ತು 108 (ಆಂಬುಲೆನ್ಸ್) ಎರಡೂ ಗೋಡೆಯ ಮೇಲಿರಲಿ. ಹಾವು ಕಚ್ಚಿದರೆ ಕಟ್ಟುವುದು, ಕುಯ್ಯುವುದು ಬೇಡ, ಮಗುವನ್ನು ಅಲ್ಲಾಡಿಸದೆ ಮಲಗಿಸಿ ನೇರ ಆಸ್ಪತ್ರೆಗೆ. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಜೂನ್‌ನಲ್ಲೇ ಫೋನು ಮಾಡಿ ಕೇಳಿ ಬರೆದಿಡಿ.

ಕೂಟವನ್ನು ಸಂಘವಾಗಿ ನೋಂದಾಯಿಸಿಬಿಟ್ಟರೆ ಠೇವಣಿ, ಬಾಡಿಗೆ ಕರಾರು ಎಲ್ಲ ಸಲೀಸು ಅನ್ನುವುದು ನನ್ನ ಅಭಿಪ್ರಾಯ. 7 ಜನ ಇದ್ದರೆ ಸಾಕು.

ಕಡತ:

7 ಜನ ಸಾಕು, 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ. ಆದರೆ ಆಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ರಿಜಿಸ್ಟ್ರಾರ್‌ಗೆ ಪಟ್ಟಿ ಸಲ್ಲಿಸುವುದು. ತಿಂಗಳಿಗೆ ಆರು ಸಾವಿರ ಚಿಲ್ಲರೆ ಓಡಾಡುವ ಕೂಟಕ್ಕೆ ಅದು ಮೈಗಿಂತ ಅಂಗಿ ದೊಡ್ಡದು. ಜೊತೆಗೆ ಉದ್ದೇಶದ ಕಾಲಮಿನಲ್ಲಿ 'ಶಿಕ್ಷಣ ನೀಡುವುದು' ಅಂತ ಬರೆದ ದಿನವೇ ಶಾಲೆಯಾ ಅನ್ನುವ ಪ್ರಶ್ನೆ ನೀವೇ ಕರೆದು ತಂದ ಹಾಗೆ. ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆ, ತಿಂಗಳ ಕೊನೆಗೆ ಪಾಸ್‌ಪುಸ್ತಕದ ಫೋಟೊ ಗುಂಪಿಗೆ. ಬಾಡಿಗೆ ಕರಾರು ಇಬ್ಬರು ಪೋಷಕರ ಹೆಸರಿನಲ್ಲಿ, 11 ತಿಂಗಳಿಗೆ. 20 ಮನೆ ಆದ ಮೇಲೆ ಸಂಘದ ಮಾತಾಡಿ.

ತುಂಗೆಯಂಚು:

ಎಲ್ಲರಿಗೂ ಧನ್ಯವಾದ. ಬರುವ ಶುಕ್ರವಾರ ನೋಡಲು ಹೋಗುತ್ತಿದ್ದೇವೆ, ಆಮೇಲೆ ಮಂಗಳವಾರ. ಮಕ್ಕಳನ್ನು ಮೊದಲ ದಿನವೇ ಕರೆದುಕೊಂಡು ಹೋಗಬೇಕಾ?

ಸೋಗೆಮಾಡು:

ಶುಕ್ರವಾರ ನೀವು ದೊಡ್ಡವರು ಮಾತ್ರ. ಮಕ್ಕಳು ಜೊತೆಗಿದ್ದರೆ ನೀವು ನಿಮ್ಮ ಮಕ್ಕಳನ್ನೇ ನೋಡುತ್ತಾ ಕೂರುತ್ತೀರಿ, ಕೂಟ ಕಾಣುವುದಿಲ್ಲ. ಮಂಗಳವಾರ ಕರೆದುಕೊಂಡು ಹೋಗಿ, ಡಬ್ಬಿ ಕಟ್ಟಿಕೊಂಡು. ವಾಪಸು ಬರುವಾಗ ಬಸ್ಸಿನಲ್ಲಿ "ಹೇಗಿತ್ತು" ಅಂತ ಕೇಳಬೇಡಿ, "ಚೆನ್ನಾಗಿತ್ತು" ಅಂತಾರೆ ಅಷ್ಟೇ. ಯಾರ ಪಕ್ಕ ಕೂತು ಡಬ್ಬಿ ತೆಗೆದೆ ಅಂತ ಕೇಳಿ.